ಗೊತ್ತಿಲ್ಲ – 5 ರೂಪಾಯಿ

ಮಾನ್ಯ ಸಂಪಾದಕರೇ,

ಮುಂಬೈಯ ಮಾಟುಂಗದ ಹೋಟೆಲೊಂದರ ಗಲ್ಲಾದಲ್ಲಿ 27 ವರ್ಷ ಕೂತವನು ನಾನು. ಈಚೆಗೆ ಡೊಂಬಿವಲಿ ಸ್ಟೇಷನ್ ಹೊರಗೆ ಎಂಟು ವರ್ಷದ ಮೊಮ್ಮಗಳು ವಡಾಪಾವ್ ಕೇಳಿದಳು. ದುಡ್ಡು ತಂದಿಲ್ಲ ಪುಟ್ಟಿ ಅಂದೆ. "ಸ್ಕ್ಯಾನ್ ಮಾಡು ಅಜ್ಜ, ಅದಕ್ಕೆ ದುಡ್ಡು ಬೇಡ" ಅಂದಳು! ಅವಳ ತಪ್ಪಲ್ಲ. ಮನೆಯಲ್ಲಿ ಹಾಲಿನಿಂದ ಹಿಡಿದು ರಿಕ್ಷಾದವರೆಗೆ ಎಲ್ಲ ಫೋನಲ್ಲೇ. ದುಡ್ಡು ಕೈಬಿಟ್ಟು ಹೋಗುವುದನ್ನು ಆ ಮಗು ನೋಡಿದ್ದು ಯಾವಾಗ?

ಈಗ ಭಾನುವಾರಕ್ಕೊಮ್ಮೆ ಅವಳಿಗೆ 50 ರೂಪಾಯಿ ಕೊಡುತ್ತೇನೆ. ಎಲ್ಲ ಐದರ, ಹತ್ತರ ನಾಣ್ಯ. ಜೊತೆಗೊಂದು ನೋಟ್‌ಬುಕ್. ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು. ರಾತ್ರಿ ಊಟವಾದ ಮೇಲೆ ಡಬ್ಬಿ ಸುರಿದು ಎಣಿಸಬೇಕು. ಮೊದಲ ವಾರವೇ ತಾಳೆ ಬೀಳಲಿಲ್ಲ. ವಡಾಪಾವ್ 20, ಚಿಕ್ಕಿ 10, ರಬ್ಬರ್ 5. ಉಳಿಯಬೇಕಾದ್ದು 15, ಡಬ್ಬಿಯಲ್ಲಿದ್ದದ್ದು 10. ಸುಮ್ನೆ ರಬ್ಬರನ್ನೇ 10 ಮಾಡಲು ಹೊರಟಳು. ಬೇಡ ಅಂದೆ. ನಾನೂ ಒಮ್ಮೆ ಕಡಿಮೆ ಬಿದ್ದ 12 ರೂಪಾಯಿಯನ್ನು ಕೊತ್ತಂಬರಿ ಸೊಪ್ಪಿನ ಹೆಸರಲ್ಲಿ ಬರೆದು ಯಜಮಾನರ ಕೈಗೆ ಸಿಕ್ಕಿಬಿದ್ದವನೇ. ಅವಳಿಗೆ ಬೈಯಲಿಲ್ಲ. "ಗೊತ್ತಿಲ್ಲ – 5" ಎಂದು ಬರೆಸಿದೆ. ಬುಧವಾರ ಯೂನಿಫಾರ್ಮ್ ಒಗೆಯುವಾಗ ಕಿಸೆಯಿಂದ ನಾಣ್ಯ ಠಣ್ ಅಂತ ಬಿತ್ತು. ಓಡಿಹೋಗಿ ಎಡಕ್ಕೆ "ಸಿಕ್ಕಿತು – 5" ಬರೆದಳು.

ಮಗನಿಗೆ ಇದೆಲ್ಲ ತಮಾಷೆ. "ಆಪ್ ಇದೆಯಲ್ಲ ಅಪ್ಪ, ಅದೇ ಲೆಕ್ಕ ಇಡುತ್ತೆ" ಅನ್ನುತ್ತಾನೆ. ಆಪ್‌ಗೆ ಲೆಕ್ಕ ಬಂದರೆ ಮಗುವಿಗೆ ಬಂದ ಹಾಗೆ ಆಯ್ತಾ?

ಇನ್ನೊಂದು ಮಾತು. ಹತ್ತು ತುಂಬಿದ ಮಕ್ಕಳು ತಾವೇ ಉಳಿತಾಯ ಖಾತೆ ತೆರೆದು ನಡೆಸಲು ಬ್ಯಾಂಕುಗಳು ಬಿಡಬಹುದು ಎಂದು ರಿಸರ್ವ್ ಬ್ಯಾಂಕ್ 2014ರಲ್ಲೇ ಹೇಳಿದೆ, 2025ರ ಏಪ್ರಿಲ್‌ನಲ್ಲಿ ಮತ್ತೆ ಹೇಳಿದೆ. ಎಷ್ಟು ಮೊತ್ತದವರೆಗೆ ಎಂಬುದು ಆಯಾ ಬ್ಯಾಂಕಿಗೆ ಬಿಟ್ಟದ್ದು. ಮುಂದಕ್ಕೆ ಬೇಕಾದೀತು ಎಂದು ಮನೆ ಹತ್ತಿರದ ಬ್ಯಾಂಕಿನಲ್ಲಿ ವಿಚಾರಿಸಿದೆ. ಕೌಂಟರಿನವರು ತಲೆ ಎತ್ತದೆ "18 ಆಗಲಿ, ಆಮೇಲೆ ಬನ್ನಿ" ಅಂದರು. ನಿಯಮ ಏನು ಎಂದು ಒಂದು ಬೋರ್ಡ್ ಹಾಕಿದರೆ ಜಾಸ್ತಿ ಖರ್ಚೇನೂ ಇಲ್ಲ, ಅಲ್ವಾ? ಜೂನ್‌ನಲ್ಲಿ ಮಕ್ಕಳಿಗೆ ನೋಟ್‌ಬುಕ್ ಹಂಚುವ ನಮ್ಮ ಕನ್ನಡ ಸಂಘಗಳೂ ಕಟ್ಟಿನೊಳಗೆ ಒಂದು ಸಣ್ಣ ಲೆಕ್ಕದ ಪುಸ್ತಕ ಸೇರಿಸಲಿ.

ಮೊಮ್ಮಗಳಿಗೆ ಹತ್ತು ತುಂಬಲು ಇನ್ನೂ ಎರಡು ವರ್ಷ ಇದೆ. ಅಷ್ಟರೊಳಗೆ ಕೌಂಟರಿನವರಿಗೆ ನಿಯಮ ಗೊತ್ತಾದರೆ ಸಾಕು.

– ನಿವೃತ್ತ ಹೋಟೆಲ್ ಕ್ಯಾಶಿಯರ್, ಡೊಂಬಿವಲಿ