ಮಧ್ಯಾಹ್ನ ಇನ್ನು ಮೆನು ಕಾರ್ಡ್ ಇರುವುದಿಲ್ಲ

ದುಬೈ ಕರಾಮದ ನಮ್ಮ ಫಿಲಿಪಿನೊ ಹೋಟೆಲಿಗೆ ಬರುವ ಕನ್ನಡದ ಗೆಳೆಯರಿಗೆ ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ಮಧ್ಯಾಹ್ನದ ಊಟಕ್ಕೆ ಮೆನು ಕಾರ್ಡ್ ಕೊಡುವುದಿಲ್ಲ. ಬದಲಿಗೆ ಟೂರೊ-ಟೂರೊ. ಮನಿಲಾದ ಗಲ್ಲಿಗಳಲ್ಲಿರುವ ಸಣ್ಣ ಹೋಟೆಲುಗಳ ಪದ್ಧತಿ ಇದು. ಮಾಡಿದ ಅಡುಗೆಯೆಲ್ಲ ಗಾಜಿನ ಹಿಂದೆ ಸಾಲಾಗಿ ಇರುತ್ತದೆ, ನೀವು ಬೆರಳು ತೋರಿಸಿ ಇದು ಬೇಕು, ಅದು ಸ್ವಲ್ಪ ಸಾಕು ಅಂದರೆ ತಟ್ಟೆಗೆ ಬರುತ್ತದೆ, ದುಡ್ಡು ಅಲ್ಲೇ ಕೊಟ್ಟು ಕೂರುವುದು. ರಾತ್ರಿಗೆ ಕಾರ್ಡ್ ಹಾಗೇ ಇರುತ್ತದೆ.

ಯಾಕೆ ಅಂದರೆ, ಒಳಗೆ ಅಡುಗೆ ಮಾಡುವವರು ಅತ್ತೆ, ನನ್ನ ಹೆಂಡತಿ, ಅವಳ ತಮ್ಮ ಅಷ್ಟೇ. ಗಲ್ಲಾದಲ್ಲಿ ಉಡುಪಿ ಕಡೆಯ ನಾನು. ಒಂದು ಗಂಟೆಗೆ ಆಫೀಸಿನವರೆಲ್ಲ ಒಟ್ಟಿಗೆ ಬಂದು ಒಬ್ಬೊಬ್ಬರು ಒಂದೊಂದು ಹೇಳಿದರೆ ಇರುವ ಒಲೆ ಸಾಲುವುದಿಲ್ಲ, ಊಟ ಬರುವಷ್ಟರಲ್ಲಿ ನಿಮಗೆ ವಾಪಸ್ ಹೋಗುವ ಹೊತ್ತಾಗಿರುತ್ತದೆ. ಅಲ್ಲದೆ ಅಡೋಬೊದಂಥದ್ದು ಮಾಡಿದ ಕೂಡಲೇ ತಿನ್ನುವ ಅಡುಗೆಯೂ ಅಲ್ಲ. ವಿನೆಗರ್, ಸೋಯಾ ಸಾಸ್, ಬೆಳ್ಳುಳ್ಳಿ, ಕಾಳುಮೆಣಸು, ಪಲಾವ್ ಎಲೆ ಎಲ್ಲ ಕೋಳಿಗೆ ಇಳಿಯಬೇಕು. ಊರಿನ ಮೀನು ಸಾರಿನ ಹಾಗೆ, ಹೊತ್ತು ಕಳೆದಷ್ಟೂ ರುಚಿ ಜಾಸ್ತಿ.

ಸಿನಿಗಾಂಗ್ ಅನ್ನುವ ಹುಳಿ ಮೀನು ಸಾರು ಮಾತ್ರ ಸಾಲಿನಲ್ಲಿ ಇರುವುದಿಲ್ಲ. ಮೀನು ಬಿಸಿಯಲ್ಲೇ ಕೂತರೆ ಪುಡಿಯಾಗುತ್ತದೆ, ಸೊಪ್ಪು ಕಪ್ಪಾಗುತ್ತದೆ. ಹುಳಿ ನೀರು ಕುದಿಸಿ ಇಟ್ಟಿರುತ್ತೇವೆ, ನೀವು ಹೇಳಿದ ಮೇಲೆ ಮೀನು ಹಾಕುವುದು. ಹುಳಿಗೆ ಹುಣಸೆಯೇ. ಸಿಕ್ಕಿದ ದಿನ ಅತ್ತೆ ಕಮಿಯಾಸ್ ಹಾಕುತ್ತಾರೆ, ಅಂದರೆ ನಮ್ಮ ಹಿತ್ತಲಿನ ಬಿಂಬುಳಿಯೇ.

ಸಸ್ಯಾಹಾರಿಗಳು ಇದನ್ನು ದಯವಿಟ್ಟು ಪೂರ್ತಿ ಓದಿ. ಗಾಜಿನ ಹಿಂದೆ ಕಾಣುತ್ತದೆ ಅಲ್ವಾ, ನೋಡಿ ತಗೊಂಡರಾಯಿತು ಅಂದುಕೊಳ್ಳಬೇಡಿ. ಪಿನಕ್‌ಬೆಟ್ ನೋಡಿದರೆ ಬದನೆ, ಬೆಂಡೆ, ಹಾಗಲ, ಸಿಹಿಗುಂಬಳ, ಅಲಸಂದೆ, ಎಲ್ಲ ತರಕಾರಿಯೇ. ಆದರೆ ಅದಕ್ಕೆ ರುಚಿ ಬರುವುದು ಬಗೂಂಗ್‌ನಿಂದ, ಅದು ಉಪ್ಪು ಹಾಕಿ ಹುದುಗಿಸಿದ ಸಿಗಡಿ. ಕಣ್ಣಿಗೆ ಬೀಳುವುದಿಲ್ಲ. ಮೀನಿನ ಉಪ್ಪುನೀರು ಪಟಿಸ್ ಅಂತೂ ಎಲ್ಲಿ ಬೇಕಾದರೂ ಇರುತ್ತದೆ. ಹಾಗಾಗಿ ಸಾಲಿನ ಕೊನೆಗೆ ಎರಡು ಪಾತ್ರೆ ಬೇರೆಯೇ ಇಡುತ್ತೇವೆ, ಹಸಿರು ಚೀಟಿ, ಬೇರೆ ಸೌಟು. ಆ ಎರಡರಲ್ಲಿ ಮೀನು, ಮಾಂಸ, ಸಿಗಡಿ ಯಾವುದೂ ಇಲ್ಲ. ಬೇರೆ ಯಾವುದಕ್ಕೂ ನಾನು ಗ್ಯಾರಂಟಿ ಕೊಡುವುದಿಲ್ಲ.

ಶುಕ್ರವಾರ ಅದರಲ್ಲೊಂದು ಮೊಂಗೊ ಇರುತ್ತದೆ. ಬೆಳ್ಳುಳ್ಳಿ, ಈರುಳ್ಳಿ, ಟೊಮೆಟೊ ಹುರಿದು, ಇಡೀ ಹೆಸರುಕಾಳು ಬೇಯಿಸಿ, ಇಳಿಸುವ ಮೊದಲು ನುಗ್ಗೆಸೊಪ್ಪು. ಫಿಲಿಪೀನ್ಸ್‌ನ ಕ್ಯಾಥೊಲಿಕ್ಕರು ಶುಕ್ರವಾರ ಮಾಂಸ ಬಿಡುತ್ತಿದ್ದುದರಿಂದ ಅದು ಶುಕ್ರವಾರದ ಅಡುಗೆ ಅಂತಲೇ ಆಗಿಹೋಗಿದೆ. ಮೀನಿಗೆ ಅಡ್ಡಿ ಇರಲಿಲ್ಲವಾದ್ದರಿಂದ ಮನೆಗಳಲ್ಲಿ ಒಣಮೀನು ಸೇರಿಸುವವರೂ ಇದ್ದಾರೆ, ನಾವು ಸೇರಿಸುವುದಿಲ್ಲ. ಅತ್ತೆಗೆ ಇದು ಅಷ್ಟು ಹಿಡಿಸಿಲ್ಲ, ಸಪ್ಪೆ ಅನ್ನುತ್ತಾರೆ. ನನಗೇನೋ ಹೀಗೇ ಇಷ್ಟ.

ಅನ್ನ ಎಷ್ಟು ಬೇಕಾದರೂ ಹಾಕಿಸಿಕೊಳ್ಳಬಹುದು, ಅದು ಬದಲಾಗುವುದಿಲ್ಲ, ಸುಮ್ನೆ ಹೆದರಬೇಡಿ. 2017ರಲ್ಲಿ ಫಿಲಿಪೀನ್ಸ್‌ನ ಸೆನೆಟರ್ ಸಿಂಥಿಯಾ ವಿಲ್ಯಾರ್ ಈ ಲೆಕ್ಕವಿಲ್ಲದ ಅನ್ನ ಬಡಿಸುವುದನ್ನು ನಿಲ್ಲಿಸಬೇಕು, ಆರೋಗ್ಯಕ್ಕೆ ಒಳ್ಳೆಯದಲ್ಲ ಅಂದಾಗ ಇಡೀ ದೇಶವೇ ಅವರ ಮೇಲೆ ಬಿತ್ತು, ಕೊನೆಗೆ ಅವರು ಕಾನೂನೇನೂ ತರುವುದಿಲ್ಲ ಅನ್ನಬೇಕಾಯಿತು. ಸೆನೆಟರ್ ಕೈಲೇ ಆಗದ್ದಕ್ಕೆ ನಾವು ಕೈ ಹಾಕುವುದಿಲ್ಲ. ತಟ್ಟೆಯಲ್ಲಿ ಬಿಡಬೇಡಿ, ಅಷ್ಟೇ.

ಭಾನುವಾರ ಊದ್ ಮೇತಾದ ಸೇಂಟ್ ಮೇರಿಸ್ ಚರ್ಚಿನಲ್ಲಿ ಪೂಜೆ ಮುಗಿಸಿ ಮಂಗಳೂರಿನವರೂ ಫಿಲಿಪಿನೊಗಳೂ ಒಟ್ಟಿಗೇ ಬರುತ್ತಾರೆ. ಅವತ್ತು ಮಾತ್ರ ಕಾರೆ-ಕಾರೆ ಇರುತ್ತದೆ. ದನದ ಬಾಲ ಮೆತ್ತಗಾಗಲು ಗಂಟೆಗಟ್ಟಲೆ ಬೇಯಬೇಕು, ಆಮೇಲೆ ಕಡಲೆಕಾಯಿ ಅರೆದು ಹಾಕಬೇಕು, ಅದು ದಿನಾ ಆಗುವ ಕೆಲಸವಲ್ಲ. ಕಡಲೆಕಾಯಿ ಅಲರ್ಜಿ ಇದ್ದವರು ಮೊದಲೇ ಹೇಳಿ.

ಬಾಳೆಲೆ ಹಾಸಿ ಎಲ್ಲರೂ ಕೈಯಲ್ಲಿ ತಿನ್ನುವ ಕಮಾಯನ್ ಬೇಕಿದ್ದರೆ ಒಂದು ದಿನ ಮೊದಲು ತಿಳಿಸಬೇಕು, ರಾತ್ರಿ ಮಾತ್ರ. ಹಂದಿ ಮಾಂಸ ನಮ್ಮಲ್ಲಿ ಮೊದಲೂ ಇರಲಿಲ್ಲ, ಈಗಲೂ ಇಲ್ಲ.

ಮಧ್ಯಾಹ್ನ ಹನ್ನೆರಡರಿಂದ ಮೂರು. ಪಾತ್ರೆ ಖಾಲಿಯಾದರೆ ಮತ್ತೆ ಮಾಡುವುದಿಲ್ಲ. ದಿನಾ ಹನ್ನೊಂದೂವರೆಗೆ ಕೌಂಟರಿನ ಫೋಟೊ ವಾಟ್ಸಾಪ್ ಗುಂಪಿಗೆ ಹಾಕುತ್ತೇನೆ. ಬೇಕಾದ್ದು ಕಂಡರೆ ಒಂದು ಮೆಸೇಜ್ ಹಾಕಿ, ಹನ್ನೆರಡೂವರೆವರೆಗೆ ತೆಗೆದಿಟ್ಟಿರುತ್ತೇನೆ.