ಪಾಸ್‌ಪೋರ್ಟಿನ ಎರಡನೇ ಪುಟ: ರಾಣೇಬೆನ್ನೂರಿನ ಗೆಳೆಯನಿಗೊಂದು ಪತ್ರ

ಹುಬ್ಬಳ್ಳಿ

ಪ್ರೀತಿಯ ದೋಸ್ತ,

ನಿನ್ನ ಪತ್ರ ಮುಟ್ಟಿತು. ಅದರಲ್ಲಿ ಎರಡು ಮಾತು ಕೇಳಿದ್ದೀ. ಒಂದು, ಅಮೆರಿಕದವರು ನಮ್ಮ ಜನಕ್ಕೆ ಬೇಡಿ ಹಾಕಿ ವಿಮಾನದಲ್ಲಿ ವಾಪಸ್ ಕಳಿಸಿದ್ದರ ಬಗ್ಗೆ ನಿಮ್ಮೂರ ಕಟ್ಟೆಯ ಮೇಲೆ ನಡೆದಿರುವ ವಾದ. ಇನ್ನೊಂದು, ದುಬೈ ಕಡೆ ಹೊರಟ ಮೂವರು ಹುಡುಗರ ಕಾಗದಪತ್ರ ಹೇಗೆ ತಪಾಸು ಮಾಡುವುದು ಎಂಬುದು. ನೀನು ಇವೆರಡನ್ನೂ ಬೇರೆ ಬೇರೆ ಎಂದು ಬರೆದಿದ್ದೀ. ನನ್ನ ಲೆಕ್ಕದಲ್ಲಿ ಎರಡೂ ಒಂದೇ.

2025ರ ಫೆಬ್ರುವರಿ 5ರಂದು ಅಮೃತಸರದಲ್ಲಿ ಇಳಿದ ಆ ಸೇನಾ ವಿಮಾನದಲ್ಲಿ 104 ಜನ ಇದ್ದರು. ಹರಿಯಾಣದವರು 33, ಗುಜರಾತಿನವರು 33, ಪಂಜಾಬಿನವರು 30. ಕರ್ನಾಟಕದವರು ಒಬ್ಬರೂ ಇರಲಿಲ್ಲ. ಅವರಲ್ಲಿ ಹಲವರು ಹೊಲ ಮಾರಿ, ಸಾಲ ಎತ್ತಿ, ದಲಾಲರಿಗೆ ಲಕ್ಷಗಟ್ಟಲೆ ಸುರಿದು ಹೋದವರು. ಅಮೆರಿಕಕ್ಕೆ ತನ್ನ ಗಡಿ ಕಾಯುವ ಹಕ್ಕಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೂಲಿ ಹುಡುಕಿ ಹೋದವನ ಕೈಕಾಲಿಗೆ ಬೇಡಿ ಹಾಕುವ ಅಗತ್ಯ ಇರಲಿಲ್ಲ, ಅದನ್ನೂ ಹೇಳಲೇಬೇಕು. ಆದರೆ ಕಟ್ಟೆಯ ವಾದವೆಲ್ಲ ಆ ಕಡೆಯ ಬಾಗಿಲಿನ ಬಗ್ಗೆಯೇ ಆಯಿತು. ಹೊರಗೆ ಹೋಗುವವರನ್ನು ತಡೆದು ಕೇಳುವ ಬಾಗಿಲು ನಮ್ಮ ದೇಶದಲ್ಲೂ ಒಂದಿದೆ. ನಿನ್ನ ಮೂವರು ಹುಡುಗರು ಮೊದಲು ದಾಟಬೇಕಾದದ್ದು ಅದನ್ನು, ಮತ್ತು ಮೋಸ ನಡೆಯುವುದು ಅದರ ಮಗ್ಗುಲಲ್ಲೇ.

ಆ ಹುಡುಗರ ಪಾಸ್‌ಪೋರ್ಟ್ ತೆಗೆದು ಎರಡನೇ ಪುಟ ನೋಡು. ಅಲ್ಲಿ ‘ಎಮಿಗ್ರೇಷನ್ ಚೆಕ್ ರಿಕ್ವೈರ್ಡ್’ ಎಂದು ಅಚ್ಚಾಗಿದ್ದರೆ ಅದನ್ನು ಇಸಿಆರ್ ಪಾಸ್‌ಪೋರ್ಟ್ ಎನ್ನುತ್ತಾರೆ. ಅಂಥವನು ಕೆಲಸಕ್ಕೆ ಹೊರಡುವ ಮೊದಲು ಸರ್ಕಾರದಿಂದ ಎಮಿಗ್ರೇಷನ್ ಅನುಮತಿ, ಅಂದರೆ ದೇಶ ಬಿಡುವ ಒಪ್ಪಿಗೆ, ಪಡೆಯಬೇಕು. ಏನೂ ಇಲ್ಲದಿದ್ದರೆ ಅವನು ಆ ತಪಾಸಣೆಯ ಹೊರಗೆ. ಸಾಮಾನ್ಯವಾಗಿ ಹತ್ತನೇ ಪಾಸಾಗದವರಿಗೆ ಈ ಅಚ್ಚು ಬೀಳುತ್ತದೆ. ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗುವಾಗ ಮಾತ್ರ ಅದು ಲಾಗೂ: ಸೌದಿ, ಯುಎಇ (ದುಬೈ ಇರುವ ದೇಶ), ಕುವೈತ್, ಕತಾರ್, ಒಮಾನ್, ಬಹರೇನ್, ಇರಾಕ್, ಜೋರ್ಡಾನ್, ಲೆಬನಾನ್, ಸಿರಿಯಾ, ಯೆಮೆನ್, ಲಿಬಿಯಾ, ಸುಡಾನ್, ದಕ್ಷಿಣ ಸುಡಾನ್, ಅಫ್ಘಾನಿಸ್ತಾನ, ಮಲೇಷ್ಯಾ, ಇಂಡೋನೇಷ್ಯಾ, ಥಾಯ್ಲೆಂಡ್. ಹತ್ತನೇ ಪಾಸಾಗಿದ್ದರೂ ಅಚ್ಚು ಬಿದ್ದಿದ್ದರೆ ಅದು ಅರ್ಜಿ ತುಂಬುವಾಗ ಆದ ತಪ್ಪಿರಬಹುದು. ಮಾರ್ಕ್ಸ್ ಕಾರ್ಡ್ ಹಚ್ಚಿ, ಹುಬ್ಬಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರದ ದಿನಾಂಕ ತೆಗೆದುಕೊಂಡು, ಮರುವಿತರಣೆಗೆ ಅರ್ಜಿ ಹಾಕಬೇಕು. 36 ಪುಟದ ಪುಸ್ತಕಕ್ಕೆ 1,500 ರೂಪಾಯಿ ಶುಲ್ಕ. ಮಧ್ಯದಲ್ಲಿ ಯಾರಿಗೂ ಹಣ ಕೊಡುವ ಕಾರಣವಿಲ್ಲ.

ಹೆಸರಿನ ಗೊಂದಲ ನಮ್ಮ ಕಡೆ ಬಹಳ. ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರು ನಡುವೆ, ಶಾಲೆಯ ದಾಖಲೆಯಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರೇ ಇಲ್ಲ. ಪಾಸ್‌ಪೋರ್ಟಿನಲ್ಲಿ ಒಂದೇ ಒಂದು ಹೆಸರಿದ್ದವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಯುಎಇ 2022ರ ನವೆಂಬರಿನಿಂದ ನಿಯಮ ಮಾಡಿದೆ. ವೀಸಾ, ಕರಾರು, ಟಿಕೆಟ್, ಪಾಸ್‌ಪೋರ್ಟ್ ನಾಲ್ಕರಲ್ಲೂ ಹೆಸರು ಅಕ್ಷರಕ್ಕೆ ಅಕ್ಷರ ಕೂಡಬೇಕು. ಇದನ್ನು ಊರಲ್ಲೇ ಕೂತು ನೋಡಿಬಿಡು. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಗೊತ್ತಾದರೆ ಟಿಕೆಟ್ಟಿನ ದುಡ್ಡು ಹೋದ ಹಾಗೆಯೇ.

ಇನ್ನು ಏಜೆಂಟ. 1983ರ ಎಮಿಗ್ರೇಷನ್ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದ ನೋಂದಣಿ ಇಲ್ಲದೆ ಯಾರೂ ಜನರನ್ನು ವಿದೇಶದ ಕೆಲಸಕ್ಕೆ ಕಳಿಸುವಂತಿಲ್ಲ. ಆ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಚಾಲ್ತಿಯಲ್ಲಿರುವ ಏಜೆಂಟರ ಪಟ್ಟಿ ಇದೆ, ನೋಂದಣಿ ಇಲ್ಲದೆ ದಂಧೆ ಮಾಡುವವರ ಪಟ್ಟಿಯೂ ಇದೆ. ‘ಮುಂಬೈಯಲ್ಲಿ ನಮ್ಮ ಆಫೀಸಿಗೆ ಲೈಸೆನ್ಸ್ ಇದೆ, ನಾನು ಅವರ ಮನುಷ್ಯ’ ಎಂದು ನಿಮ್ಮ ಊರಿಗೆ ಬಂದವನು ಹೇಳುತ್ತಾನೆ. ಉಪ-ಏಜೆಂಟ ಎಂಬುವನನ್ನು ಈ ಕಾಯ್ದೆ ಒಪ್ಪುವುದೇ ಇಲ್ಲ. ಆ ಲೈಸೆನ್ಸ್ ನಂಬರ್ ಕೇಳಿ ಬರೆದುಕೋ, ಜಾಲತಾಣದಲ್ಲಿರುವ ಫೋನಿಗೆ ನೀನೇ ಕರೆ ಮಾಡು. ಅವನು ಕೊಟ್ಟ ನಂಬರಿಗಲ್ಲ, ಜಾಲತಾಣದಲ್ಲಿ ಇರುವ ನಂಬರಿಗೆ. ಈ ಹುಡುಗರ ಹೆಸರು ಅವರಲ್ಲಿ ಇದೆಯೇ, ಯಾವ ಕಂಪನಿಯ ಯಾವ ಬೇಡಿಕೆಯ ಮೇಲೆ ಕಳಿಸುತ್ತಿದ್ದೀರಿ ಎಂದು ಕೇಳು.

ನೋಂದಾಯಿತ ಏಜೆಂಟ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 35,400. ಅದಕ್ಕೂ ರಸೀದಿ ಕೊಡಬೇಕು. ನಿಮ್ಮ ಹುಡುಗರಿಗೆ ಒಂದೂವರೆ ಲಕ್ಷ ಕೇಳಿದ್ದಾನೆ ಎಂದು ಬರೆದಿದ್ದೀ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಎತ್ತಿದರೆ ಬಡ್ಡಿಯೇ ತಿಂಗಳಿಗೆ 4,500. ಪಗಾರ 1,000 ದಿರ್ಹಮ್ ಎಂದುಕೋ, ಊಟಕ್ಕೆ 300 ಹೋದರೆ ಉಳಿಯುವುದು 700, ಅಂದರೆ ಹದಿನಾರು ಸಾವಿರದ ಆಸುಪಾಸು. ಮೊದಲ ಎರಡು ತಿಂಗಳ ಪಗಾರ ತಡವಾದರೆ ಅಷ್ಟರಲ್ಲಿ ಬಡ್ಡಿ 9,000 ಏರಿರುತ್ತದೆ. ಸಾಲ ಇದ್ದವನು ಕೆಟ್ಟ ಮಾಲೀಕನನ್ನು ಬಿಟ್ಟು ಬರಲಾರ. ಪಾಸ್‌ಪೋರ್ಟ್ ಕಸಿದುಕೊಳ್ಳುವುದಕ್ಕಿಂತ ಗಟ್ಟಿಯಾಗಿ ಅವನನ್ನು ಕಟ್ಟಿಹಾಕುವುದು ಊರಿನ ಸಾಲ.

ಎಲ್ಲಕ್ಕಿಂತ ಮುಖ್ಯವಾದದ್ದು ವೀಸಾದ ಜಾತಿ, ಇದನ್ನು ನಿಧಾನವಾಗಿ ಓದು. ಇಸಿಆರ್ ಪಾಸ್‌ಪೋರ್ಟಿನವನು ಕೆಲಸಕ್ಕಲ್ಲದೆ ಸುಮ್ಮನೆ ನೋಡಿಬರಲು ಹೋಗುವುದಾದರೆ, ವೀಸಾ ಮತ್ತು ವಾಪಸ್ ಟಿಕೆಟ್ ಇದ್ದರೆ ಸಾಕು, ಎಮಿಗ್ರೇಷನ್ ಅನುಮತಿ ಬೇಡ. ನೆಂಟರ ಮನೆಗೆ, ಯಾತ್ರೆಗೆ ಹೋಗುವವರಿಗೆ ತೊಂದರೆಯಾಗಬಾರದೆಂದು ಕೊಟ್ಟ ಸಡಿಲಿಕೆ ಅದು. ದಲಾಲರು ಅದೇ ಸಂದಿಯಲ್ಲಿ ನುಸುಳುತ್ತಾರೆ. ‘ಈಗ ವಿಸಿಟ್ ವೀಸಾ, ಹೋದ ಮೇಲೆ ಕಂಪನಿ ವೀಸಾ ಮಾಡಿಸುತ್ತೇವೆ, ಆಫೀಸರ್ ಕೇಳಿದರೆ ಮಾವನ ಮನೆಗೆ ಹೊರಟಿದ್ದೇನೆ ಅನ್ನು’ ಎಂದು ಪಾಠ ಹೇಳಿಕೊಡುತ್ತಾರೆ. ವಿಸಿಟ್ ವೀಸಾದ ಮೇಲೆ ಗೌಂಡಿ ಕೆಲಸವೋ ಸೆಂಟ್ರಿಂಗ್ ಕೆಲಸವೋ ಮಾಡಿದವನು ಅಲ್ಲಿಯ ಕಾನೂನಿನಲ್ಲಿ ಕಾರ್ಮಿಕನೇ ಅಲ್ಲ. ಅವನ ಹೆಸರಲ್ಲಿ ಕರಾರು ಇಲ್ಲ, ವಿಮೆ ಇಲ್ಲ. ಪಗಾರ ಕೊಡಲಿಲ್ಲ ಎಂದು ದೂರು ಕೊಡಹೋದರೆ ತಾನೇ ತಪ್ಪಿತಸ್ಥನಾಗುತ್ತಾನೆ. ಯುಎಇಯಲ್ಲಿ ಅವಧಿ ಮೀರಿ ಉಳಿದರೆ ದಿನಕ್ಕೆ 50 ದಿರ್ಹಮ್ ದಂಡ. ಆರು ತಿಂಗಳಿಗೆ 9,000 ದಿರ್ಹಮ್, ನಮ್ಮ ಎರಡು ಲಕ್ಷ ದಾಟುತ್ತದೆ. ಆ ದಂಡ ಕಟ್ಟಲಾಗದೆ ಅಡಗಿ ದುಡಿಯುವವರಿಗೆಂದೇ ಆ ಸರ್ಕಾರ ಆಗಾಗ ಕ್ಷಮಾದಾನ ಸಾರಬೇಕಾಗುತ್ತದೆ. 2024ರ ಸೆಪ್ಟೆಂಬರಿನಿಂದ ಡಿಸೆಂಬರ್ ಕೊನೆಯವರೆಗೆ ಸಾರಿತ್ತು. ಅಮೆರಿಕದ ಟೀವಿಗಳಲ್ಲಿ ‘ಅಕ್ರಮ ವಲಸಿಗ’ ಎಂದು ಕೂಗಿ ಕರೆಯುವ ಮನುಷ್ಯ ಹುಟ್ಟುವುದೂ ಎಷ್ಟೋ ಸಲ ಹೀಗೆಯೇ: ಹೊರಟಾಗ ಕಾಗದ ಇತ್ತು, ಆದರೆ ಅದು ಅವನ ಕೆಲಸಕ್ಕೆ ತಕ್ಕ ಕಾಗದ ಆಗಿರಲಿಲ್ಲ.

ಸರಿಯಾದ ದಾರಿ ಅಂಥ ಕಷ್ಟದ್ದೇನಲ್ಲ. ಮಾಲೀಕ ಇ-ಮೈಗ್ರೇಟ್‌ನಲ್ಲಿ ನೋಂದಾಯಿಸಿ ಬೇಡಿಕೆ ಹಾಕಬೇಕು. ನೋಂದಾಯಿತ ಏಜೆಂಟ ಇಲ್ಲವೇ ಹುಡುಗನೇ ಎಮಿಗ್ರೇಷನ್ ಅನುಮತಿಗೆ ಅರ್ಜಿ ಹಾಕುತ್ತಾನೆ. ಸರ್ಕಾರಿ ಶುಲ್ಕ 200 ರೂಪಾಯಿ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ, ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಬೇರೆ. ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ 10 ಲಕ್ಷ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿಗೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ಸತ್ತದ್ದು ನಿನಗೆ ನೆನಪಿರಬೇಕು. 375 ರೂಪಾಯಿ ಉಳಿಸುವ ಜಾಗ ಇದಲ್ಲ.

ಕರಾರಿನಲ್ಲಿ ಮೂಲ ಪಗಾರ ಎಷ್ಟು, ಭತ್ಯೆ ಎಷ್ಟು ಎಂದು ಬೇರೆ ಬೇರೆ ಬರೆದಿರಬೇಕು. ಓವರ್‌ಟೈಮಿನ ಲೆಕ್ಕ ಮೂಲ ಪಗಾರದ ಮೇಲೆ ನಡೆಯುವುದರಿಂದ 1,200 ಎಂದು ಹೇಳಿ ಮೂಲದಲ್ಲಿ 600 ಮಾತ್ರ ಬರೆಯುವ ಚಟ ಇದೆ. ಹುದ್ದೆಯ ಹೆಸರೂ ನೋಡು. ವೆಲ್ಡರ್ ಎಂದು ಮಾತಾಡಿ ವೀಸಾದಲ್ಲಿ ಲೇಬರ್ ಎಂದಿದ್ದರೆ ಪಗಾರವೂ ಲೇಬರಿನದೇ. ವೈದ್ಯಕೀಯ ತಪಾಸಣೆ ಕೊಲ್ಲಿ ದೇಶಗಳು ಮಾನ್ಯ ಮಾಡಿದ ಕೇಂದ್ರದಲ್ಲೇ ಆಗಬೇಕು, ಏಜೆಂಟನಿಗೆ ದೊಡ್ಡ ಗಂಟು ಕೊಡುವ ಮೊದಲೇ ಆಗಬೇಕು. ಎಂದೋ ವಾಸಿಯಾದ ಕ್ಷಯದ ಕಲೆ ಎಕ್ಸ್‌ರೇಯಲ್ಲಿ ಕಂಡರೂ ‘ಅನ್‌ಫಿಟ್’ ಎನ್ನುತ್ತಾರೆ, ಕೊಟ್ಟ ದುಡ್ಡು ಆಮೇಲೆ ಬರುವುದು ಕಷ್ಟ.

ಈಗ ನಿಮ್ಮ ಕಟ್ಟೆಯ ವಾದಕ್ಕೆ ಬರುತ್ತೇನೆ. ನಮ್ಮ ದೇಶದಲ್ಲೂ ಈ ಬಾಗಿಲಿನ ಬಗ್ಗೆ ಜಗಳ ಹಳೆಯದು. ಹತ್ತನೇ ಪಾಸಾಗದವನನ್ನು ಬೇರೆಯಾಗಿ ಗುರುತಿಸುವುದೇ ಅವಮಾನ, ತೆಗೆದುಹಾಕಿ ಎನ್ನುವವರು ಒಂದು ಕಡೆ. ಅವರ ಮಾತಿನಲ್ಲಿ ಹುರುಳಿದೆ. 2018ರ ಜನವರಿಯಲ್ಲಿ ಇಸಿಆರ್‌ನವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟ್ ಕೊಡುತ್ತೇವೆ ಎಂದು ಕೇಂದ್ರ ಹೇಳಿತ್ತು. ಓದಿಲ್ಲದವನ ಬಡತನವನ್ನು ಪಾಸ್‌ಪೋರ್ಟಿನ ರಟ್ಟಿನ ಮೇಲೆ ಬಳಿಯುತ್ತೀರಾ ಎಂಬ ಆಕ್ಷೇಪ ಎದ್ದು, ಅದೇ ತಿಂಗಳು ಹಿಂದಕ್ಕೆ ತೆಗೆದುಕೊಂಡಿತು. ಇನ್ನೊಂದು ಕಡೆಯವರು ಬಾಗಿಲು ಬಿಗಿ ಮಾಡಿ ಎನ್ನುತ್ತಾರೆ. ಇಸಿಆರ್ ಪಾಸ್‌ಪೋರ್ಟಿನ ಮೂವತ್ತು ವರ್ಷದೊಳಗಿನ ಹೆಣ್ಣುಮಕ್ಕಳು ಆ ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗುವಂತೆಯೇ ಇಲ್ಲ ಎಂಬ ನಿಯಮ ಅಂಥ ಬಿಗಿಯ ಫಲ. ಉದ್ದೇಶ ಒಳ್ಳೆಯದೇ. ಆದರೆ ಮನೆಯಲ್ಲಿ ಹಸಿವಿದ್ದ ಹೆಣ್ಣುಮಗಳು ನಿಯಮ ನೋಡಿ ನಿಲ್ಲಲಿಲ್ಲ, ವಿಸಿಟ್ ವೀಸಾದ ಮೇಲೋ ನೇಪಾಳದ ದಾರಿಯಿಂದಲೋ ಹೋದಳು. ಅನುಮತಿ ಪಡೆದು ಹೋದವಳಿಗೆ ಸಿಗುವ ವಿಮೆ, ದಾಖಲೆ, ದೂರು ಯಾವುದೂ ಅವಳಿಗೆ ಇಲ್ಲದಾಯಿತು.

ಬಾಗಿಲು ಕಿತ್ತರೂ ಬಿಗಿದರೂ ಸಾಲದು, ಗೆರೆಯೇ ತಪ್ಪು ಜಾಗದಲ್ಲಿದೆ ಎಂದು ನನ್ನ ಅಭಿಪ್ರಾಯ. 1983ರಲ್ಲಿ ಮೋಸ ಹೋಗುವವನು ಓದುಬರಹ ಬಾರದ ಕೂಲಿಯವನು ಎಂಬ ಎಣಿಕೆ ಇತ್ತು. ಈಗ ನೋಡು: ಡೇಟಾ ಎಂಟ್ರಿ, ಕಸ್ಟಮರ್ ಕೇರ್ ಕೆಲಸ ಎಂದು ಬ್ಯಾಂಕಾಕಿಗೆ ಕರೆಸಿಕೊಂಡು, ಮ್ಯಾನ್ಮಾರ್ ಗಡಿ ದಾಟಿಸಿ, ಆನ್‌ಲೈನ್ ವಂಚನೆಯ ಕೋಣೆಗಳಲ್ಲಿ ಕೂಡಿಹಾಕಿದ್ದು ಡಿಗ್ರಿ ಓದಿದ, ಇಂಗ್ಲಿಷ್ ಬಲ್ಲ, ಕಂಪ್ಯೂಟರ್ ಬಲ್ಲ ಹುಡುಗರನ್ನು. 2025ರ ಮಾರ್ಚಿನಲ್ಲಿ ಥಾಯ್ಲೆಂಡಿನ ಮೇ ಸೋಟ್‌ನಿಂದ ವಾಯುಪಡೆಯ ವಿಮಾನಗಳಲ್ಲಿ 500ಕ್ಕೂ ಹೆಚ್ಚು ಜನರನ್ನು ಕರೆತರಬೇಕಾಯಿತು. ಡಿಗ್ರಿ ಓದಿದವನ ಎರಡನೇ ಪುಟ ಖಾಲಿ. ಅವನನ್ನು ಯಾರೂ ನಿಲ್ಲಿಸಿ ಕೇಳುವ ಪ್ರಶ್ನೆಯೇ ಇರಲಿಲ್ಲ. ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್ ಆ ಹದಿನೆಂಟರ ಪಟ್ಟಿಯಲ್ಲೂ ಇಲ್ಲ. 2024ರಲ್ಲಿ ಸೆಕ್ಯುರಿಟಿ, ಹೆಲ್ಪರ್ ಕೆಲಸವೆಂದು ಹೋಗಿ ರಷ್ಯಾದ ಯುದ್ಧದ ಮುಂಚೂಣಿಯಲ್ಲಿ ಸಿಕ್ಕಿಬಿದ್ದವರಲ್ಲಿ ನಮ್ಮ ಕಲಬುರಗಿಯ ಹುಡುಗರೂ ಇದ್ದರು. ರಷ್ಯಾ ಸಹ ಪಟ್ಟಿಯಲ್ಲಿಲ್ಲ. ಹಾಗಾಗಿ ಕೇಳಬೇಕಾದದ್ದು ‘ಎಷ್ಟು ಓದಿದ್ದೀ’ ಎಂದಲ್ಲ, ‘ಯಾರು ಕರೆಸುತ್ತಿದ್ದಾರೆ, ಕರಾರು ಎಲ್ಲಿ’ ಎಂದು, ಅದೂ ಎಲ್ಲರನ್ನೂ.

ಶಿಕ್ಷೆಯ ಕಲಮೂ ಹಾಗೆಯೇ ಹಳೆಯದು. ಲೈಸೆನ್ಸ್ ಇಲ್ಲದೆ ಜನರನ್ನು ಕಳಿಸಿದವನಿಗೆ ಎರಡು ವರ್ಷದವರೆಗೆ ಜೈಲು ಮತ್ತು 2,000 ರೂಪಾಯಿವರೆಗೆ ದಂಡ. ಒಬ್ಬ ಹುಡುಗನಿಂದ ಒಂದೂವರೆ ಲಕ್ಷ ಎತ್ತುವವನಿಗೆ ಎರಡು ಸಾವಿರ ಯಾವ ಲೆಕ್ಕ? ಹೊಸ ಕಾಯ್ದೆಯ ಕರಡು 2019ರಲ್ಲಿ ಬಂತು, 2021ರಲ್ಲಿ ಬಂತು, 2025ರ ಅಕ್ಟೋಬರಿನಲ್ಲಿ ಮತ್ತೆ ಹೊಸ ಹೆಸರಲ್ಲಿ ಬಂದು ಜನರ ಅಭಿಪ್ರಾಯ ಕೇಳಿತು. ಹಾವೇರಿ, ಗದಗದಂಥ ಜಿಲ್ಲೆಯಿಂದ ಹೋಗುವವನಿಗೆ ಬೇಕಾದದ್ದು ದಿಲ್ಲಿಯಲ್ಲಿ ಇನ್ನೊಂದು ಮಂಡಳಿಯಲ್ಲ. ತಾಲೂಕು ಕಚೇರಿಯಲ್ಲೋ ಉದ್ಯೋಗ ವಿನಿಮಯ ಕೇಂದ್ರದಲ್ಲೋ ಕರಾರನ್ನು ಕನ್ನಡದಲ್ಲಿ ಓದಿ ಹೇಳುವ ಒಬ್ಬ ನೌಕರ ಬೇಕು, ಲೈಸೆನ್ಸ್ ನಂಬರ್ ತಾಳೆ ನೋಡಲು ಒಂದು ಕಂಪ್ಯೂಟರ್ ಬೇಕು. ಪೊಲೀಸ್ ಠಾಣೆಯಲ್ಲಿ ಇದನ್ನು ಬರಿಯ ಹಣದ ತಕರಾರು ಎಂದು ಬರೆದುಕೊಳ್ಳದೆ ಎಮಿಗ್ರೇಷನ್ ಕಾಯ್ದೆಯ ಕಲಮನ್ನೂ ಹಚ್ಚುವ ರೂಢಿ ಬರಬೇಕು. ನಿಮ್ಮ ಶಾಸಕರಿಗೆ ಪತ್ರ ಬರೆಯುವುದಾದರೆ ಇವನ್ನೇ ಬರೆ.

ಹುಡುಗರು ಹೊರಡುವ ಮೊದಲು ಪಾಸ್‌ಪೋರ್ಟ್, ವೀಸಾ, ಕರಾರು, ಅನುಮತಿ ಪತ್ರ, ವಿಮೆ, ಏಜೆಂಟನ ರಸೀದಿ ಎಲ್ಲದರ ಝೆರಾಕ್ಸ್ ಒಂದು ಕಟ್ಟು ಅವರ ಮನೆಯಲ್ಲಿ, ಇನ್ನೊಂದು ನಿನ್ನ ಹತ್ತಿರ ಇರಲಿ. ಫೋಟೋ ಅವರ ಫೋನಿನಲ್ಲೂ ಇರಲಿ, ತಾಯಿಯ ಫೋನಿನಲ್ಲೂ ಇರಲಿ. ಅಲ್ಲಿ ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಂಡರೆ ಅದು ಯುಎಇಯ ಕಾನೂನಿನಲ್ಲೂ ತಪ್ಪು. ತೊಂದರೆಯಾದರೆ ಹುಡುಗನೇ ದೂರು ಕೊಡಬೇಕೆಂದಿಲ್ಲ, ಮನೆಯವರು ಇಲ್ಲಿಂದಲೇ ವಿದೇಶಾಂಗ ಸಚಿವಾಲಯದ ದೂರಿನ ಜಾಲತಾಣ ‘ಮದದ್’ನಲ್ಲಿ ದಾಖಲಿಸಬಹುದು. ಹೊರದೇಶಕ್ಕೆ ದುಡಿಯಲು ಹೋದವರ ಸಹಾಯವಾಣಿ 1800 11 3090ಕ್ಕೆ ಭಾರತದೊಳಗಿನಿಂದ ಕರೆ ಪುಕ್ಕಟೆ. ದೂರಿಗೆ ಪಾಸ್‌ಪೋರ್ಟ್ ನಂಬರ್, ಕಂಪನಿಯ ಹೆಸರು, ವಿಳಾಸ ಕೇಳುತ್ತಾರೆ, ಅದಕ್ಕೇ ಆ ಝೆರಾಕ್ಸ್. ಇನ್ನೂ ಹಣ ಕೊಟ್ಟಿಲ್ಲ ಎಂದು ಬರೆದಿದ್ದೀ. ಮೂವರ ವೀಸಾದ ಪ್ರತಿ ನನಗೆ ವಾಟ್ಸಾಪಿನಲ್ಲಿ ಕಳಿಸು, ಅದು ಯಾವ ಬಗೆಯದೆಂದು ನೋಡಿ ಹೇಳುವವರೆಗೆ ದುಡ್ಡು ಗಂಟಿನಲ್ಲೇ ಇರಲಿ.

ಮನೆಯಲ್ಲಿ ಹಿರಿಯರಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ