ಮಗಳಿಗೊಂದು ಪತ್ರ: ಕೆನ್ನಿ ಡೋರಮ್‌ನಿಂದ ಶುರು ಮಾಡು

ಪ್ರೀತಿಯ ಪುಟ್ಟಿ,

ಜಾಝ್ ಟ್ರಂಪೆಟ್ ವಾದಕ ಫ್ರೆಡ್ಡಿ ಹಬಾರ್ಡ್‌ನ ಸೋಲೊವನ್ನು, ಅಂದರೆ ಅವನೊಬ್ಬನೇ ಕಟ್ಟಿ ಊದುವ ಭಾಗವನ್ನು, ಕೇಳಿ ಬರೆದುಕೊಂಡು ಊದಲು ಕೂತು (ನಾಲ್ಕು ಪೆಟ್ಟಿನ ತುಂಡಿಗೆ ಒಂದು ಬಾರ್) ಐದನೇ ಬಾರ್‌ಗೇ ತುಟಿ ಸೋತು ಹೋಯಿತು ಅಂತ ಬರೆದಿದ್ದೀಯ. ಸೋಲದೆ ಏನಾದೀತು? ಸರಳೆ ವರಸೆ ಕಲಿಯುತ್ತಿರುವವರನ್ನು ಅಟತಾಳ ವರ್ಣದ ಮೂರನೇ ಕಾಲಕ್ಕೆ ಕೂರಿಸಿದರೆ ಆಗುವುದೂ ಇದೇ. ನಿನ್ನ ತುಟಿಯನ್ನು ಬೈಯಬೇಡ, ಆರಿಸಿಕೊಂಡದ್ದು ಸರಿಯಿಲ್ಲ ಅಷ್ಟೆ. ಬೀಬಾಪ್ ಎಂಬ ವೇಗದ ಜಾಝ್ ಶೈಲಿಯ ಟ್ರಂಪೆಟ್ ಅಂದರೆ ಎಲ್ಲರ ಬಾಯಲ್ಲೂ ಡಿಝಿ ಗಿಲೆಸ್ಪಿ, ಮೈಲ್ಸ್ ಡೇವಿಸ್, ಕ್ಲಿಫರ್ಡ್ ಬ್ರೌನ್, ಲೀ ಮಾರ್ಗನ್, ಹಬಾರ್ಡ್. ಈ ಐವರ ಪಕ್ಕದಲ್ಲೇ ನಿಂತು ಊದಿದವರು ಹಲವರಿದ್ದಾರೆ. ಕಲಿಯುವವರಿಗೆ ಅವರ ಸೋಲೊಗಳೇ ಹೆಚ್ಚು ಕೈಗೆಟುಕುತ್ತವೆ.

ಇವರಿಗೆ ಹೆಸರು ಬರಲಿಲ್ಲ ಏಕೆ ಎಂಬುದಕ್ಕೆ ಅರ್ಧ ಉತ್ತರ ವಾದ್ಯದಲ್ಲೇ ಇದೆ. ಬೀಬಾಪ್‌ನ ಓಟ ಹುಟ್ಟಿದ್ದು 1940ರ ದಶಕದ ನ್ಯೂಯಾರ್ಕ್‌ನಲ್ಲಿ, ಬಹುಪಾಲು ಚಾರ್ಲಿ ಪಾರ್ಕರ್‌ನ ಆಲ್ಟೊ ಸ್ಯಾಕ್ಸೊಫೋನ್ ಮೇಲೆ. ಸ್ಯಾಕ್ಸ್‌ನಲ್ಲಿ ಸ್ವರಕ್ಕೊಂದು ಬೆರಳಿನ ಜೋಡಣೆ ಇದೆ, ಬಾಯಿ ಹೆಚ್ಚುಕಡಿಮೆ ಒಂದೇ ಹದದಲ್ಲಿರುತ್ತದೆ. ಟ್ರಂಪೆಟ್‌ಗೆ ಇರುವುದು ಮೂರೇ ವಾಲ್ವ್, ಅಂದರೆ ಬೆರಳಿನಿಂದ ಒತ್ತುವ ಗುಂಡಿ. ಒಟ್ಟು ಎಂಟು ಜೋಡಣೆ. ಮೂರನೆಯದನ್ನು ಒಂಟಿಯಾಗಿ ಒತ್ತಿದರೂ ಒಂದು-ಎರಡು ಸೇರಿಸಿ ಒತ್ತಿದರೂ ಹತ್ತಿರ ಹತ್ತಿರ ಒಂದೇ ಸ್ವರ, ಹಾಗಾಗಿ ಲೆಕ್ಕಕ್ಕೆ ಏಳೇ. ಒಂದೊಂದು ಜೋಡಣೆಯಲ್ಲೂ ಐದಾರು ಸ್ವರ ಅಡಗಿ ಕೂತಿರುತ್ತವೆ, ಯಾವುದು ಹೊರಬರಬೇಕೆಂದು ತೀರ್ಮಾನಿಸುವುದು ತುಟಿ ಮತ್ತು ಉಸಿರು. ಇಂಥ ವಾದ್ಯದಲ್ಲಿ ಎತ್ತರದ ಸ್ವರವನ್ನು ವೇಗವಾಗಿ ಊದಿದರೆ ಕೇಳುವವರು ಬಾಯಿ ಬಿಟ್ಟು ನೋಡುತ್ತಾರೆ. ಮಧ್ಯಸ್ಥಾಯಿಯಲ್ಲಿ ಮೆತ್ತಗೆ ಒಂದು ಮಾತನ್ನು ಪೂರ್ತಿ ಮಾಡಿದವನನ್ನು ಜೊತೆಯ ವಾದಕರು ಮಾತ್ರ ಗಮನಿಸುತ್ತಾರೆ.

ಕೆನ್ನಿ ಡೋರಮ್ ಅಂಥವನು. ಹುಟ್ಟಿದ್ದು ಟೆಕ್ಸಾಸ್‌ನಲ್ಲಿ, 1924ರಲ್ಲಿ. 1948ರ ಕೊನೆಗೆ ಮೈಲ್ಸ್ ಬಿಟ್ಟ ಜಾಗದಲ್ಲಿ ಪಾರ್ಕರ್‌ನ ತಂಡ ಸೇರಿದ. ಡ್ರಮ್ಸ್ ವಾದಕ ಆರ್ಟ್ ಬ್ಲೇಕಿಯ ಜಾಝ್ ಮೆಸೆಂಜರ್ಸ್ ತಂಡ ಶುರುವಾದಾಗ ಅದರ ಟ್ರಂಪೆಟ್ ಅವನದೇ. 1956ರಲ್ಲಿ ಕ್ಲಿಫರ್ಡ್ ಬ್ರೌನ್ ಅಪಘಾತದಲ್ಲಿ ಸತ್ತಾಗ ಅವನ ಜೊತೆ ತಂಡ ನಡೆಸುತ್ತಿದ್ದ ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್ ಕರೆದದ್ದೂ ಇವನನ್ನೇ. ನೋಡು, ಯಾರ ಜಾಗ ಖಾಲಿಯಾದರೂ ನೆನಪಾಗುತ್ತಿದ್ದ ಹೆಸರು, ಆದರೆ ಜಾಗ ಯಾವಾಗಲೂ ಇನ್ನೊಬ್ಬರದು. ಕೊನೆಯ ವರ್ಷಗಳಲ್ಲಿ ಅಂಚೆ ಇಲಾಖೆಯಲ್ಲಿ ದುಡಿದ. 1972ರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ತೀರಿಕೊಂಡಾಗ ವಯಸ್ಸು 48.

ಮೊದಲು 'ಕ್ವೈಯೆಟ್ ಕೆನ್ನಿ' ಕೇಳು. 1959ರ ನವೆಂಬರ್‌ನ ಧ್ವನಿಮುದ್ರಣ. ಪಿಯಾನೋ ಟಾಮಿ ಫ್ಲ್ಯಾನಗನ್, ಬಾಸ್ ಪಾಲ್ ಚೇಂಬರ್ಸ್, ಡ್ರಮ್ಸ್ ಆರ್ಟ್ ಟೇಲರ್. ಇನ್ನೊಂದು ಊದುವ ವಾದ್ಯವೇ ಇಲ್ಲ, ಅಡಗಿಕೊಳ್ಳಲು ಮರೆಯೂ ಇಲ್ಲ. ಅವನ ನಾದ ಸ್ವಲ್ಪ ಒಣಗಿದಂತೆ, ಅಂಚಿನಲ್ಲಿ ಹೊಗೆ ಕಟ್ಟಿದಂತೆ ಇರುತ್ತದೆ. ವಾಕ್ಯದ ಕೊನೆಯ ಸ್ವರವನ್ನು ಎಳೆದು ನಡುಗಿಸುವುದು ಕಡಿಮೆ, ಇಟ್ಟು ಸುಮ್ಮನಾಗುತ್ತಾನೆ. ನಮ್ಮ ದಿಬ್ಬಣದ ಬ್ಯಾಂಡ್‌ಸೆಟ್ಟಿನ ಟ್ರಂಪೆಟ್ ಕೇಳಿ ಬೆಳೆದ ಕಿವಿಗೆ ಇದು ಮೊದಲು ಸಪ್ಪೆ ಅನಿಸಬಹುದು. ಅವರು ರಸ್ತೆಗೆ ಊದುತ್ತಾರೆ, ಇವನು ಎರಡು ಅಡಿ ದೂರದ ಮೈಕಿಗೆ.

ಈಗ ಕೆಲಸಕ್ಕೆ ಬರೋಣ. ಡೋರಮ್‌ನ ರಚನೆಗಳಲ್ಲಿ ಜಗತ್ತಿನ ಎಲ್ಲ ಜಾಝ್ ವಿದ್ಯಾರ್ಥಿಗಳೂ ನುಡಿಸುವುದು 'ಬ್ಲೂ ಬೋಸಾ'. ನುಡಿಸುವವರಲ್ಲಿ ಅರ್ಧ ಜನಕ್ಕೆ ಅದು ಯಾರದೆಂದೂ ಗೊತ್ತಿರುವುದಿಲ್ಲ. ಸ್ಯಾಕ್ಸ್ ವಾದಕ ಜೋ ಹೆಂಡರ್ಸನ್‌ನ ಮೊದಲ ಆಲ್ಬಮ್ 'ಪೇಜ್ ಒನ್'ನಲ್ಲಿ, 1963ರ ಜೂನ್‌ನಲ್ಲಿ, ಡೋರಮ್‌ನೇ ಊದಿದ್ದಾನೆ. ಹದಿನಾರೇ ಬಾರ್, ಪಿಯಾನೋದ ಸಿ ಮೈನರ್. ಟ್ರಂಪೆಟ್ ಬಿ-ಫ್ಲ್ಯಾಟ್ ವಾದ್ಯ, ಅಂದರೆ ಹಾಳೆಯ ಸಿ ಊದಿದರೆ ಪಿಯಾನೋದ ಬಿ-ಫ್ಲ್ಯಾಟ್ ಕೇಳುತ್ತದೆ; ಹಾಗಾಗಿ ನಿನಗೆ ಡಿ ಮೈನರ್. ಇಲ್ಲಿಂದ ಮುಂದೆ ನಾನು ಹೇಳುವ ಸ್ವರಗಳೆಲ್ಲ ನಿನ್ನ ಹಾಳೆಯಲ್ಲಿ ಕಾಣುವ ಸ್ವರಗಳು.

ಹಾಡು ಶುರುವಾಗುವುದೇ ಒಂದು ಜಿಗಿತದಿಂದ: ಎ ಯಿಂದ ಮೇಲಿನ ಎ ಗೆ. ಎರಡಕ್ಕೂ ಒಂದು-ಎರಡು ವಾಲ್ವೇ. ಬೆರಳು ಕದಲುವುದಿಲ್ಲ, ಪೂರಾ ಎಂಟು ಸ್ವರದ ಅಂತರವನ್ನು ತುಟಿಯೇ ದಾಟಬೇಕು. ಎಲ್ಲರೂ ಮಾಡುವ ತಪ್ಪು ಇಲ್ಲೇ. ಮೇಲಿನ ಎ ಬರಲಿಲ್ಲ ಅಂತ ಮೌತ್‌ಪೀಸನ್ನು ತುಟಿಗೆ ಒತ್ತುತ್ತಾರೆ. ಒತ್ತಿದರೆ ಸ್ವರವೇನೋ ಬರುತ್ತದೆ, ಆದರೆ ತುಟಿಗೆ ರಕ್ತ ಹರಿಯುವುದು ನಿಂತು ಹತ್ತು ನಿಮಿಷಕ್ಕೆ ಜೋಮು ಹಿಡಿಯುತ್ತದೆ, ಆಮೇಲೆ ಕೆಳಗಿನ ಎ ಕೂಡ ಒಡೆಯುತ್ತದೆ. ಹೀಗೆ ಮಾಡು: ಒಂದು-ಎರಡನ್ನು ಒತ್ತಿ ಹಿಡಿದು, ನಾಲಗೆ ತಾಗಿಸದೆ ಒಂದೇ ಉಸಿರಲ್ಲಿ ಎ, ಸಿ-ಶಾರ್ಪ್, ಇ, ಮೇಲಿನ ಎ ಹತ್ತು, ಹಾಗೇ ಇಳಿ. ನಾಲ್ಕೂ ಅದೇ ಜೋಡಣೆಯಲ್ಲಿ ಸಿಗುತ್ತವೆ. ಹತ್ತುವಾಗ ಬಾಯೊಳಗೆ ನಾಲಗೆ 'ಆ' ಇಂದ 'ಈ' ಕಡೆ ಏರಲಿ, ಉಸಿರು ಬಿರುಸಾಗಲಿ, ಎಡಗೈ ಹಿಡಿತ ಮಾತ್ರ ಸಡಿಲ ಇರಲಿ. ದಿನಕ್ಕೆ ಆರು ಸಲ ಸಾಕು. ಪ್ರತಿ ಸಲಕ್ಕೂ ನಡುವೆ, ಊದಿದಷ್ಟೇ ಹೊತ್ತು ವಾದ್ಯ ಕೆಳಗಿಡು. ನಂತರ ಮಧ್ಯದ ಎರಡು ಸ್ವರ ಕಿತ್ತುಹಾಕಿ ನೇರ ಜಿಗಿ.

ಎರಡನೇ ಬಿಗಿ ಗಂಟು ಒಂಬತ್ತನೇ ಬಾರ್‌ನಲ್ಲಿದೆ. ಅಲ್ಲಿ ಹಾಡು ಇ-ಫ್ಲ್ಯಾಟ್ ಮೇಜರ್ ಕಡೆ ತಿರುಗುತ್ತದೆ. ಹಾರ್ಮೋನಿಯಂ ಲೆಕ್ಕದಲ್ಲಿ ಹೇಳುವುದಾದರೆ, ಪಿಯಾನೋದವನು ನಾಲ್ಕು ಬಾರ್ ಮಟ್ಟಿಗೆ ಶ್ರುತಿಯನ್ನು ಬಿಳಿ ಒಂದರಿಂದ ಕಪ್ಪು ಒಂದಕ್ಕೆ ಏರಿಸಿ ಮತ್ತೆ ಇಳಿಸುತ್ತಾನೆ. ಗಾಬರಿ ಬೇಡ. ಡಿ ಮೈನರ್‌ನ ಎಫ್ ಹಾಗೇ ಉಳಿಯುತ್ತದೆ, ಆದರೆ ಎ ಸ್ವರ ಎ-ಫ್ಲ್ಯಾಟ್ ಆಗುತ್ತದೆ. ಆ ಒಂದು ಸ್ವರವನ್ನು ಒಂಬತ್ತನೇ ಬಾರ್‌ನ ಮೊದಲ ಪೆಟ್ಟಿನ ಆಸುಪಾಸು ಇಟ್ಟರೆ ಕೇಳುವವರಿಗೆ ತಿರುವು ಗೊತ್ತಾಗುತ್ತದೆ, ನೀನು ಇಡೀ ಸ್ಕೇಲ್ ಒಪ್ಪಿಸಬೇಕಿಲ್ಲ. ಬೆರಳಿಗೆ ಮಾತ್ರ ಇದು ತೊಂದರೆಯ ಜಾಗ. ಎ ಅಂದರೆ ಒಂದು-ಎರಡು, ಎ-ಫ್ಲ್ಯಾಟ್ ಅಂದರೆ ಎರಡು-ಮೂರು. ತೋರುಬೆರಳು ಏಳುವ ಕ್ಷಣಕ್ಕೇ ಉಂಗುರ ಬೆರಳು ಬೀಳಬೇಕು. ಉಂಗುರ ಬೆರಳು ಸೋಮಾರಿ. ಅದು ತಡವಾದರೆ ಎರಡನೇ ವಾಲ್ವ್ ಮಾತ್ರ ಒತ್ತಿದಂತಾಗಿ ನಡುವೆ ಬೇರೊಂದು ಸ್ವರ ಇಣುಕುತ್ತದೆ. ಊದದೆಯೇ, ಟಿವಿ ಮುಂದೆ ಕೂತು, ವಾಲ್ವ್ ಮಾತ್ರ ಒತ್ತಿ ಅಭ್ಯಾಸ ಮಾಡು. ಎರಡೂ ವಾಲ್ವ್‌ಗಳ 'ಟಪ್' ಸದ್ದು ಒಂದೇ ಆಗಿ ಕೇಳಬೇಕು. ಎರಡು ಕೇಳಿದರೆ ಇನ್ನೂ ಆಗಿಲ್ಲ.

ಬೋಸಾ ಎಂಬ ಬ್ರೆಜಿಲ್‌ನ ಲಯದಲ್ಲಿ ಸ್ವಿಂಗ್ (ಪೆಟ್ಟಿನ ಮೊದಲರ್ಧವನ್ನು ತುಸು ಎಳೆಯುವ ಜಾಝ್ ನಡೆ) ಇಲ್ಲ, ಅರ್ಧರ್ಧ ಪೆಟ್ಟುಗಳು ಸಮ. ಅದು ನಿನಗೆ ಅನುಕೂಲ. ಸ್ವಿಂಗ್‌ಗೆ ಬಂದಾಗ ತಾಳ ಕಲಿತವರು ಬೀಳುವ ಹಳ್ಳ ಒಂದಿದೆ: 'ತಿಶ್ರ ತಾನೆ' ಅಂದುಕೊಂಡು ಪ್ರತಿ ಜೋಡಿಯನ್ನೂ ಲೆಕ್ಕ ಹಾಕಿ ಎರಡಕ್ಕೊಂದರಂತೆ ಒಡೆಯುತ್ತಾರೆ, ಅದು ಜಟಕಾ ಕುದುರೆ ಓಡಿದಂತಿರುತ್ತದೆ. ನಿಧಾನ ನಡೆಯಲ್ಲಿ ಆ ಲೆಕ್ಕ ಸುಮಾರಾಗಿ ಹೊಂದುತ್ತದೆ. ವೇಗ ಏರಿದಂತೆ ಎರಡೂ ಸಮಕ್ಕೆ ಹತ್ತಿರವಾಗುತ್ತವೆ, ಸ್ವಿಂಗ್ ಕೊಡುವುದು ನಾಲಗೆಯ ಒತ್ತು. ಪೆಟ್ಟಿನ ಮೇಲಲ್ಲ, ಪೆಟ್ಟುಗಳ ನಡುವಿನ ಸ್ವರಕ್ಕೆ ನಾಲಗೆ ತಾಗಿಸಿ ಮುಂದಿನ ಪೆಟ್ಟಿಗೆ ಜಾರು. ನಾಲಗೆಗೆ 'ತು' ಬೇಡ, 'ದು' ಇರಲಿ. ಮೆಟ್ರೊನೋಮನ್ನು ಎರಡು ಮತ್ತು ನಾಲ್ಕನೇ ಪೆಟ್ಟಿಗೆ ಇಡು: ಹಾಡು 160ರಲ್ಲಿದ್ದರೆ ಕ್ಲಿಕ್ 80.

ಬೀಬಾಪ್‌ನ ಓಟಗಳು ಸಾಲಾಗಿ ಹೊಂದಿಕೊಳ್ಳುವುದರ ಗುಟ್ಟು ಇಷ್ಟೆ. ಏಳು ಸ್ವರದ ಸ್ಕೇಲ್ ನಾಲ್ಕು ಪೆಟ್ಟಿನ ಬಾರ್‌ಗೆ ಕೂರುವುದಿಲ್ಲ, ಅರ್ಧ ಪೆಟ್ಟಿಗೊಂದರಂತೆ ಎಂಟು ಬೇಕು. ಅದಕ್ಕೆ ಎರಡು ನಿಷಾದಗಳನ್ನೂ ಸೇರಿಸಿಕೊಳ್ಳುತ್ತಾರೆ. ದೇಶ್ ರಾಗದಲ್ಲೂ ಎರಡು ನಿಷಾದ ಇವೆ, ಆದರೆ ಅಲ್ಲಿ ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು. ಇಲ್ಲಿ ಇಳಿಯುವಾಗ ಎರಡೂ ಬೆನ್ನುಬೆನ್ನಿಗೆ ಬರುತ್ತವೆ. ಜಿ ಸೆವೆನ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಮೇಲೆ ಮೇಲಿನ ಜಿ ಯಿಂದ ಇಳಿ: ಜಿ, ಎಫ್-ಶಾರ್ಪ್, ಎಫ್, ಇ, ಡಿ, ಸಿ, ಬಿ, ಎ. ವಾಲ್ವ್‌ಗಳು ಕ್ರಮವಾಗಿ: ಖಾಲಿ, ಎರಡು, ಒಂದು, ಖಾಲಿ, ಒಂದು, ಖಾಲಿ, ಎರಡು, ಒಂದು-ಎರಡು. ನಾಲ್ಕು ಪೆಟ್ಟಿನ ಮೇಲೆ ಬಿದ್ದದ್ದು ಜಿ, ಎಫ್, ಡಿ, ಬಿ, ಅಂದರೆ ಕಾರ್ಡ್‌ನದೇ ನಾಲ್ಕು ಸ್ವರ. ಇದನ್ನೇ ಅರ್ಧ ಪೆಟ್ಟು ತಡವಾಗಿ ಶುರು ಮಾಡಿ ನೋಡು, ಎಫ್-ಶಾರ್ಪ್ ಪೆಟ್ಟಿನ ಮೇಲೆ ಕೂತು ಇಡೀ ಸಾಲು ತಪ್ಪಾಗಿ ಕೇಳುತ್ತದೆ. ಸ್ವರಗಳು ಅವೇ, ಇಟ್ಟ ಜಾಗ ಬೇರೆ.

ಸೋಲೊ ಬರೆದುಕೊಳ್ಳುವುದಕ್ಕೆ ಮೊದಲು ಅದನ್ನು ಬಾಯಲ್ಲಿ ಹಾಡಿಕೋ. ಬಾಯಲ್ಲಿ ಬರದ್ದು ಬೆರಳಿಗೆ ಬರುವುದಿಲ್ಲ. ಆ್ಯಪ್‌ನಲ್ಲಿ ವೇಗವನ್ನು ಶೇಕಡಾ 75ಕ್ಕಿಂತ ಇಳಿಸಬೇಡ. 50ಕ್ಕೆ ಇಳಿಸಿದರೆ ಸ್ವರ ಸಿಗುತ್ತದೆ, ನಾಲಗೆ ತಾಗಿದ್ದೋ ಜಾರಿದ್ದೋ ಗೊತ್ತಾಗುವುದಿಲ್ಲ. ಒಂದು ಸಲ ಕೂತರೆ ಎರಡೇ ಬಾರ್. ನುಂಗಿದ ಸ್ವರಗಳನ್ನು, ಅಂದರೆ ಬೆರಳು ಬಿದ್ದು ಉಸಿರು ಅರ್ಧ ಮಾತ್ರ ಹೋದವುಗಳನ್ನು, ಆವರಣದಲ್ಲಿ ಬರೆ. ಡೋರಮ್‌ನ ಅರ್ಧ ಸೊಗಸು ಆ ಆವರಣಗಳಲ್ಲಿದೆ.

ಡೋರಮ್ ಆದಮೇಲೆ ಬ್ಲೂ ಮಿಚೆಲ್. 1960ರ 'ಬ್ಲೂಸ್ ಮೂಡ್ಸ್' ಆಲ್ಬಮ್‌ನ ಮೊದಲ ಹಾಡಿನ ಸೋಲೊ ಮೊದಲ ಬರವಣಿಗೆಗೆ ಹೇಳಿ ಮಾಡಿಸಿದ್ದು. ಫ್ಯಾಟ್ಸ್ ನವಾರೊನನ್ನು ಕೇಳು, ಸದ್ಯಕ್ಕೆ ಬರೆಯಬೇಡ. 26ಕ್ಕೇ ಸತ್ತ, ಕ್ಲಿಫರ್ಡ್ ಬ್ರೌನ್ ಅಷ್ಟು ಸ್ಪಷ್ಟವಾಗಿ ಊದಲು ದಾರಿ ಹಾಕಿದವನು ಅವನೇ. ಬುಕರ್ ಲಿಟ್ಲ್ 23ಕ್ಕೆ ಹೋದ. ಅವನು ಇನ್ನೂ ಹತ್ತು ವರ್ಷ ಬದುಕಿದ್ದರೆ ಹಬಾರ್ಡ್‌ನ ಹೆಸರಿನ ಪಕ್ಕ ಅವನದೂ ಇರುತ್ತಿತ್ತು ಎಂಬುದು ನನ್ನ ಹಟದ ಅಭಿಪ್ರಾಯ.

ಕ್ಲೋರಾ ಬ್ರಯಂಟ್ ಹೆಸರು ಬರೆದಿಟ್ಟುಕೋ. 1927ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿ ಲಾಸ್ ಏಂಜಲೀಸ್‌ನಲ್ಲಿ ಊದಿದಾಕೆ, ಡಿಝಿ ಮೆಚ್ಚಿ ಬೆನ್ನಿಗೆ ನಿಂತಿದ್ದ. ತನ್ನ ಹೆಸರಲ್ಲಿ ಬಂದ ಆಲ್ಬಮ್ ಒಂದೇ ಒಂದು, 1957ರದು. ಅದರಲ್ಲಿ ಹಾಡಿದ್ದೂ ಅವಳೇ, ಊದಿದ್ದೂ ಅವಳೇ. ಮುಂದೆ ಸೋವಿಯತ್ ನಾಯಕ ಗೊರ್ಬಚೆವ್‌ಗೆ ತಾನೇ ಕಾಗದ ಬರೆದು ಸೋವಿಯತ್ ಒಕ್ಕೂಟಕ್ಕೆ ಹೋಗಿ ನುಡಿಸಿ ಬಂದಳು. 'ಹೆಣ್ಣುಮಕ್ಕಳಿಗೆ ಯಾಕೆ ತುತ್ತೂರಿ' ಅನ್ನುವವರು ಆ ಕಾಲದಲ್ಲೂ ಇದ್ದರು.

ಇತ್ತೀಚಿನವರಲ್ಲಿ ಬ್ರಯನ್ ಲಿಂಚ್‌ನನ್ನು ಮೊದಲು ಹಿಡಿ. 1990ರಲ್ಲಿ ಆರ್ಟ್ ಬ್ಲೇಕಿ ಸತ್ತಾಗ ಜಾಝ್ ಮೆಸೆಂಜರ್ಸ್‌ನ ಟ್ರಂಪೆಟ್ ಇವನದು. ಡೋರಮ್ ಶುರು ಮಾಡಿದ ಕುರ್ಚಿಯಲ್ಲಿ ಕೊನೆಗೆ ಕೂತವನು. ಟಾಮಿ ಟರೆಂಟೀನ್, ಜೋ ಗಾರ್ಡನ್, ಲೂಯಿ ಸ್ಮಿತ್‌ನಂಥ ಮರೆತುಹೋದ ಟ್ರಂಪೆಟ್ ವಾದಕರಿಗೆಂದೇ 'ಅನ್‌ಸಂಗ್ ಹೀರೋಸ್' ಅಂತ ಆಲ್ಬಮ್ ಮಾಡಿದ್ದಾನೆ. ಲಿಂಚ್, ಜಿಮ್ ರೊಟೊಂಡಿ, ಜೋ ಮ್ಯಾಗ್ನರೆಲಿ, ಜಾನ್ ಸ್ವಾನಾ, ರಯನ್ ಕೈಸರ್: ಐವರೂ ಕ್ರಿಸ್ ಕ್ರಾಸ್ ಎಂಬ ನೆದರ್‌ಲ್ಯಾಂಡ್ಸ್‌ನ ಪುಟ್ಟ ಕಂಪನಿಗೆ ನುಡಿಸಿದವರು. ದೊಡ್ಡ ಪ್ರಚಾರ ಇಲ್ಲದ ಕಂಪನಿ, ಆದ್ದರಿಂದ ಬಲ್ಲವರ ವಲಯದಾಚೆ ಹೆಸರು ಹಬ್ಬಲಿಲ್ಲ. ಸ್ವಾನಾ ಮತ್ತು ಮ್ಯಾಗ್ನರೆಲಿ ಜೊತೆಯಾಗಿ ಊದಿರುವ 'ಫಿಲಿ-ನ್ಯೂಯಾರ್ಕ್ ಜಂಕ್ಷನ್' ಹಾಕಿ, ಯಾವ ಸೋಲೊ ಯಾರದು ಅಂತ ಚೀಟಿಯಲ್ಲಿ ಗುರುತಿಸು. ನಾಲ್ಕೈದು ಸಲ ತಪ್ಪುತ್ತದೆ. ಕಿವಿ ಆಗ ಸ್ವರ ಬಿಟ್ಟು ನಾದ, ನಾಲಗೆ, ಉಸಿರು ಬಿಡುವ ಜಾಗ ಹುಡುಕಲು ಶುರು ಮಾಡುತ್ತದೆ. ರೊಟೊಂಡಿ 2024ರಲ್ಲಿ ತೀರಿಕೊಂಡ.

ಹೆಸರಲ್ಲೇ ಕನ್ನಡ ಇಟ್ಟುಕೊಂಡಿರುವ ಅಮೆರಿಕದ ಸ್ಯಾಕ್ಸ್ ವಾದಕ ರುದ್ರೇಶ್ ಮಹಾಂತಪ್ಪ, ನಮ್ಮ ಕದ್ರಿ ಗೋಪಾಲನಾಥರ ಜೊತೆ ನುಡಿಸಿದವನು, 2015ರಲ್ಲಿ ಪಾರ್ಕರ್‌ನ ನೆನಪಿಗೆ 'ಬರ್ಡ್ ಕಾಲ್ಸ್' ತಂದ. ಅದರಲ್ಲಿ ಟ್ರಂಪೆಟ್ ಊದಿರುವ ಆ್ಯಡಮ್ ಓಫ್ಯಾರಿಲ್ ಆಗಿನ್ನೂ ಇಪ್ಪತ್ತರ ಹುಡುಗ, ಹೆಚ್ಚುಕಡಿಮೆ ನಿನ್ನ ವಯಸ್ಸು. ಇದನ್ನು ಕೊನೆಗೆ ಕೇಳು, ಮೊದಲೇ ಕೇಳಿದರೆ ತಲೆ ಗಿರ್ರೆನ್ನುತ್ತದೆ.

ಆಮೇಲೆ ಆ ಮೌತ್‌ಪೀಸ್ ವಿಚಾರ. ಎತ್ತರದ ಸ್ವರ ಸುಲಭ ಆಗುತ್ತದೆಂದು ಬಟ್ಟಲು ಆಳವಿಲ್ಲದ್ದನ್ನು ಕೊಳ್ಳಬೇಡ, ನಾದ ತೆಳುವಾಗಿ ಕೀರಲಾಗುತ್ತದೆ. ಈಗಿರುವ 7ಸಿ ಅಳತೆಯದೇ ಸಾಕು. ಒಂದು ವರ್ಷ ಬಿಟ್ಟು ಬೇಕಾದರೆ 3ಸಿ ನೋಡೋಣ.

ಭಾನುವಾರದೊಳಗೆ ಎಂಟರಿಂದ ಹದಿಮೂರನೇ ಬಾರ್‌ವರೆಗೆ ರೆಕಾರ್ಡ್ ಮಾಡಿ ಕಳಿಸು. ಕ್ಲಿಕ್ ಸದ್ದೂ ಕೇಳುತ್ತಿರಲಿ, ತಪ್ಪಿದ್ದನ್ನು ಅಳಿಸಬೇಡ.

ನಿನ್ನ
ಅಪ್ಪ